ಬೇಸ್ ಗಿಟಾರ್: ಅಂಗಡಿಯಿಂದ ವೇದಿಕೆಯವರೆಗೆ ಎಂಟು ಹಂತಗಳು

‘ಬೇಸ್ ಗಿಟಾರ್ ಕಲಿಯಬೇಕೆಂದಿದ್ದೇನೆ, ಯಾವುದನ್ನು ಕೊಳ್ಳಲಿ?’ ‘ಮನೆಯಲ್ಲಿ ನುಡಿಸುವಾಗ ಚೆನ್ನಾಗಿರುತ್ತದೆ, ತಂಡದ ಜೊತೆ ನಿಂತರೆ ಬರೀ ಗುಂಯ್‌ಗುಡುತ್ತದೆ, ಏಕೆ?’ ‘ಕಾರ್ಯಕ್ರಮಗಳಲ್ಲಿ ಬೇಸ್ ಯಾವುದೆಂದೇ ಗೊತ್ತಾಗುವುದಿಲ್ಲ, ಹೇಗೆ ಕೇಳಬೇಕು?’ ಓದುಗರು ಮತ್ತೆ ಮತ್ತೆ ಕೇಳುವುದು ಈ ಮೂರನ್ನೇ. ಮೂರಕ್ಕೂ ಒಂದೇ ಕಡೆ, ಕ್ರಮವಾಗಿ ಉತ್ತರ ಬರೆಯುತ್ತಿದ್ದೇನೆ. ಏಕೆಂದರೆ ಮೂರೂ ಪ್ರಶ್ನೆಗಳ ಬೇರು ಒಂದೇ: ತಗ್ಗಿನ ಸ್ವರ ತಾನಾಗಿ ನಿಲ್ಲುವುದಿಲ್ಲ, ಅದನ್ನು ನಿಲ್ಲಿಸಬೇಕು. ವಾದ್ಯ ಆರಿಸುವಾಗ, ಕೈ ಪಳಗಿಸುವಾಗ, ದನಿ ಹೆಚ್ಚಿಸುವ ಆಂಪ್‌ನ ಗುಂಡಿ ತಿರುಗಿಸುವಾಗ, ಸಭಾಂಗಣದಲ್ಲಿ ಜಾಗ ಹುಡುಕುವಾಗ ಈ ಮಾತು ಎದುರಾಗುತ್ತಲೇ ಇರುತ್ತದೆ.

ಮೊದಲು ವಾದ್ಯದ ಪರಿಚಯ, ಚುಟುಕಾಗಿ. ಬೇಸ್ ಗಿಟಾರ್‌ಗೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ದಪ್ಪ ತಂತಿಯಿಂದ ತೆಳು ತಂತಿಯ ಕಡೆಗೆ ಅವುಗಳ ಶ್ರುತಿ ಇ, ಎ, ಡಿ, ಜಿ. ಗಿಟಾರಿನ ನಾಲ್ಕು ದಪ್ಪ ತಂತಿಗಳ ಸ್ವರಗಳೇ ಇವು, ಆದರೆ ಒಂದು ಸ್ಥಾಯಿ ಕೆಳಗೆ. ಗಿಟಾರಿನ ದಪ್ಪ ಇ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ಬೇಸ್‌ನದು ಸುಮಾರು 41 ಸಲ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಪ್ರಿಸಿಶನ್ ಬೇಸ್ ಅನ್ನು ಮಾರುಕಟ್ಟೆಗೆ ತಂದಾಗ ಮಿಡಿಯುವ ತಂತಿಯ ಉದ್ದವನ್ನು 34 ಇಂಚಿಗೆ ಇಟ್ಟರು. ಇಂದಿಗೂ ಬಹುಪಾಲು ಬೇಸ್‌ಗಳ ಅಳತೆ ಅದೇ. ಕೊರಳಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳು ಫ್ರೆಟ್‌ಗಳು, ವೀಣೆಯ ಮೆಟ್ಟಿಲುಗಳಿದ್ದಂತೆ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ತಂತಿಗಳ ಅಡಿಯಲ್ಲಿರುವ ಅಯಸ್ಕಾಂತದ ಭಾಗವೇ ಪಿಕಪ್.

ಹಂತ 1: ವಾದ್ಯದ ಆಯ್ಕೆ

ನಾಲ್ಕು ತಂತಿಯೋ ಐದು ತಂತಿಯೋ? ಮೊದಲ ವಾದ್ಯ ನಾಲ್ಕು ತಂತಿಯದ್ದೇ ಇರಲಿ. ಐದನೆಯ ತಂತಿಯಾದ ಬಿ ಸೆಕೆಂಡಿಗೆ 31 ಸಲ ಮಾತ್ರ ಕಂಪಿಸುತ್ತದೆ. ಮನೆಯಲ್ಲಿಡುವ ಸಣ್ಣ ಸ್ಪೀಕರುಗಳಿಗೆ ಆ ಸ್ವರವನ್ನು ಸರಿಯಾಗಿ ಹೊರಡಿಸುವ ಶಕ್ತಿ ಇರುವುದಿಲ್ಲ. ಮೇಲಾಗಿ, ನುಡಿಸದಿದ್ದರೂ ತಾನೇ ತಾನಾಗಿ ಮಿಡಿಯುವ ಇನ್ನೊಂದು ತಂತಿಯನ್ನು ಅದುಮಿಡುವ ಕೆಲಸ ಹೊಸಬರ ಕೈಗೆ ಬೀಳುತ್ತದೆ. ಸಿನಿಮಾ ಹಾಡುಗಳ ಆರ್ಕೆಸ್ಟ್ರಾದಲ್ಲಿ ನುಡಿಸುವವರಿಗೆ ಮುಂದೆ ಐದು ತಂತಿ ಬೇಕಾಗಬಹುದು, ಆಗ ಕೊಂಡರಾಯಿತು.

ಕೈ ಚಿಕ್ಕದು ಎಂದು ಹೆದರುವವರಿಗೂ, ಮಕ್ಕಳಿಗೆ ಕೊಡಿಸುವ ಪೋಷಕರಿಗೂ 30 ಇಂಚು ಅಳತೆಯ ‘ಶಾರ್ಟ್ ಸ್ಕೇಲ್’ ಬೇಸ್‌ಗಳಿವೆ. ಫ್ರೆಟ್‌ಗಳ ನಡುವಿನ ಅಂತರ ಕಡಿಮೆ, ತಂತಿಯ ಬಿಗಿಯೂ ಕಡಿಮೆ. ಇವುಗಳನ್ನು ಆಟಿಕೆ ಎಂದು ಅಲ್ಲಗಳೆಯುವವರ ಮಾತಿಗೆ ಕಿವಿಗೊಡಬೇಡಿ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯವರ ಕೈಯಲ್ಲಿ ಜಗತ್ತು ನೋಡಿದ, ಪಿಟೀಲಿನ ಆಕಾರದ ಹಾಫ್ನರ್ ಬೇಸ್ ಕೂಡ ಇದೇ ಜಾತಿಯದು.

ಪಿಕಪ್‌ಗಳಲ್ಲಿ ನೀವು ಹೆಚ್ಚಾಗಿ ಕೇಳುವುದು ‘ಪಿ’ ಮತ್ತು ‘ಜೆ’ ಎಂಬ ಎರಡು ಹೆಸರು. ಪಿ ಎಂದರೆ ಪ್ರಿಸಿಶನ್ ಬೇಸ್‌ನಲ್ಲಿರುವ, ಎರಡು ತುಂಡಾಗಿ ಹಿಂದೆ ಮುಂದೆ ಕೂತ ಪಿಕಪ್. 1957ರಿಂದ ಅದು ಇದೇ ರೂಪದಲ್ಲಿದೆ. ಒಂದೇ ಬಗೆಯ ದನಿ, ಆದರೆ ಯಾವ ತಂಡದ ನಡುವೆಯೂ ಮೇಲೆದ್ದು ಕೇಳುತ್ತದೆ. ಜೆ ಎಂದರೆ 1960ರಲ್ಲಿ ಬಂದ ಜಾಝ್ ಬೇಸ್‌ನ ಎರಡು ಉದ್ದನೆಯ ಪಿಕಪ್‌ಗಳು. ಎರಡರ ವಾಲ್ಯೂಮನ್ನು ಬೆರೆಸಿ ಬೇರೆ ಬೇರೆ ದನಿ ತೆಗೆಯಬಹುದು. ಎರಡನ್ನೂ ಪೂರ್ತಿ ತೆರೆದಾಗ ವಿದ್ಯುತ್ತಿನ ಗುಂಯ್ ಸದ್ದು ಅಡಗುತ್ತದೆ, ಒಂದನ್ನು ಇಳಿಸಿದರೆ ಮತ್ತೆ ಕೇಳಿಸುತ್ತದೆ. ಇದು ವಾದ್ಯದ ದೋಷವಲ್ಲ, ರಿಪೇರಿಗೆ ಓಡಬೇಡಿ. ಎರಡೂ ಬಗೆಯನ್ನು ಸೇರಿಸಿದ ‘ಪಿಜೆ’ ಬೇಸ್‌ಗಳು ಕಡಿಮೆ ಬೆಲೆಯಲ್ಲಿ ಬೇಕಾದಷ್ಟಿವೆ. ಮೊದಲ ವಾದ್ಯಕ್ಕೆ ನನ್ನ ಆಯ್ಕೆ ಇದೇ.

ಇನ್ನು ‘ಆಕ್ಟಿವ್’ ಮತ್ತು ‘ಪ್ಯಾಸಿವ್’. ಆಕ್ಟಿವ್ ಬೇಸ್‌ನೊಳಗೆ 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಚಿಕ್ಕ ಸರ್ಕ್ಯೂಟ್ ಇರುತ್ತದೆ. ಕೇಬಲ್ ಚುಚ್ಚಿರುವವರೆಗೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ, ನೀವು ನುಡಿಸುತ್ತಿರಲಿ, ಊಟಕ್ಕೆ ಹೋಗಿರಲಿ. ಬ್ಯಾಟರಿ ಇಳಿದಾಗ ದನಿ ಒಡೆದು, ಆಮೇಲೆ ಪೂರ್ತಿ ಸತ್ತುಹೋಗುತ್ತದೆ. ಆರಂಭಕ್ಕೆ ಬ್ಯಾಟರಿ ಬೇಡದ ಪ್ಯಾಸಿವ್ ಸಾಕು.

ಯಮಹಾ, ಐಬನೇಜ್, ಕೋರ್ಟ್, ಸ್ಕ್ವಯರ್ ಈ ನಾಲ್ಕು ಹೆಸರುಗಳ ಆರಂಭಿಕ ಸಾಲಿನ ಬೇಸ್‌ಗಳಲ್ಲಿ ಯಾವುದನ್ನು ಕೊಂಡರೂ ಕಲಿಕೆಗೆ ಅಡ್ಡಿಯಿಲ್ಲ. ಬೆಲೆ ₹20,000ದ ಆಸುಪಾಸಿನಿಂದ ಶುರು. ಇಲ್ಲಿ ಹೆಚ್ಚಿನವರು ಎಡವುತ್ತಾರೆ: ಕೈಯಲ್ಲಿದ್ದ ಹಣವನ್ನೆಲ್ಲ ವಾದ್ಯಕ್ಕೆ ಸುರಿದು, ಬೆಲ್ಟು, ಕೇಬಲ್, ಶ್ರುತಿ ನೋಡುವ ಟ್ಯೂನರ್, ಹೆಡ್‌ಫೋನ್, ವಾದ್ಯವನ್ನು ಹದಗೊಳಿಸುವ ಸೆಟಪ್ ಖರ್ಚಿಗೆ ಏನನ್ನೂ ಉಳಿಸಿಕೊಳ್ಳುವುದಿಲ್ಲ. ನಿಮ್ಮ ಹಣದಲ್ಲಿ ಮೂರನೇ ಒಂದು ಭಾಗವನ್ನು ಇವುಗಳಿಗೆ ಎತ್ತಿಡಿ. ಬೆಲ್ಟು ಅಗಲವಾಗಿರಲಿ, ಬೇಸ್ ತೂಕದ ವಾದ್ಯ, ಕಿರಿದಾದ ಬೆಲ್ಟು ಅರ್ಧ ಗಂಟೆಯಲ್ಲೇ ಹೆಗಲು ಕೊರೆಯುತ್ತದೆ.

ಹಂತ 2: ಅಂಗಡಿಯಲ್ಲಿ ಪರೀಕ್ಷೆ

ನುಡಿಸಲು ಬಾರದಿದ್ದರೂ ಈ ಪರೀಕ್ಷೆಗಳನ್ನು ನೀವೇ ಮಾಡಬಹುದು. ಅಂಗಡಿಯವರು ಅವಸರ ಮಾಡಿದರೆ ಇನ್ನೊಂದು ಅಂಗಡಿ ನೋಡಿ.

ವಾದ್ಯವನ್ನು ಎತ್ತಿ ಹಿಡಿದು, ತಲೆಯ ಕಡೆಯಿಂದ ಕೊರಳಿನುದ್ದಕ್ಕೂ ಕಣ್ಣು ಹಾಯಿಸಿ. ಕೊರಳು ತುಸು ಒಳಬಾಗಿದ್ದರೆ ಸರಿ. ಒಂದು ಕಡೆಗೆ ತಿರುಚಿಕೊಂಡಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಕೆಳಗಿಡಿ. ತಿರುಚಿದ ಕೊರಳನ್ನು ಸರಿಮಾಡುವುದು ಹೊಸ ವಾದ್ಯ ಕೊಳ್ಳುವುದಕ್ಕಿಂತ ದುಬಾರಿಯಾಗಬಹುದು.

ನಾಲ್ಕೂ ತಂತಿಗಳ ಮೇಲೆ ಒಂದೊಂದೇ ಫ್ರೆಟ್ ಒತ್ತಿ, ಎಲ್ಲ ಸ್ವರಗಳನ್ನೂ ಮೀಟಿ ನೋಡಿ. ಬೇಸರದ ಕೆಲಸ, ಆದರೆ ಬಿಡಬೇಡಿ. ಎಲ್ಲಿಯಾದರೂ ತಂತಿ ಕರಕರ ಎನ್ನುತ್ತದೆಯೇ, ಯಾವುದಾದರೂ ಸ್ವರ ಹುಟ್ಟಿದೊಡನೆ ಸಾಯುತ್ತದೆಯೇ ಗಮನಿಸಿ. ಜಿ ತಂತಿಯಲ್ಲಿ 5ರಿಂದ 7ನೇ ಫ್ರೆಟ್‌ನ ಸುತ್ತ ಒಂದು ಸ್ವರ ಸ್ವಲ್ಪ ಬೇಗ ಕುಗ್ಗುವುದು ಎಷ್ಟೋ ಬೇಸ್‌ಗಳಲ್ಲಿ ಸಹಜ. ಆ ಜಾಗದಲ್ಲಿ ಕೊರಳಿನ ಮರವೇ ಕಂಪನವನ್ನು ಹೀರಿಕೊಳ್ಳುತ್ತದೆ.

ಬಳಿಕ ಬೆಲ್ಟು ಹಾಕಿಸಿಕೊಂಡು ಎದ್ದು ನಿಂತು ಎರಡೂ ಕೈ ಬಿಡಿ. ವಾದ್ಯದ ತಲೆ ನೆಲದ ಕಡೆ ವಾಲಿದರೆ ನಿಮ್ಮ ಎಡಗೈ ಸ್ವರ ಒತ್ತುವುದರ ಜೊತೆಗೆ ಕೊರಳನ್ನು ಹೊರುವ ಕೆಲಸವನ್ನೂ ಮಾಡಬೇಕಾಗುತ್ತದೆ. ಕೂತು ನೋಡಿದರೆ ಈ ದೋಷ ತಿಳಿಯುವುದೇ ಇಲ್ಲ.

ಕೊನೆಯದಾಗಿ, ಅಂಗಡಿಯ ದೊಡ್ಡ ಆಂಪ್‌ನಲ್ಲಿ ಬೇಸ್ ಗುಂಡಿಯನ್ನು ಪೂರ್ತಿ ಏರಿಸಿ ಕೇಳಿಸಿದರೆ ಎಂಥ ವಾದ್ಯವೂ ಎದೆ ನಡುಗಿಸುತ್ತದೆ. ಎಲ್ಲ ಗುಂಡಿಗಳನ್ನೂ ನಡುವಿಗೆ ತರಿಸಿ, ಸಣ್ಣ ದನಿಯಲ್ಲಿ ಕೇಳಿ. ಹಳೆಯ ವಾದ್ಯವಾದರೆ ‘ಟ್ರಸ್ ರಾಡ್ ತಿರುಗುತ್ತದೆಯೇ, ತೋರಿಸಿ’ ಎಂದು ಕೇಳಲು ಮರೆಯಬೇಡಿ. ಕೊರಳಿನ ಒಳಗೆ ಹುದುಗಿದ್ದು, ಅದರ ಬಾಗನ್ನು ಹಿಡಿತದಲ್ಲಿಡುವ ಉಕ್ಕಿನ ಸರಳು ಅದು. ಅದು ಕಚ್ಚಿಕೊಂಡಿದ್ದರೆ ಮುಂದಿನ ಹಂತವೇ ಸಾಧ್ಯವಿಲ್ಲ.

ಹಂತ 3: ಸೆಟಪ್ ಮತ್ತು ತಂತಿಗಳು

ಹೊಸ ವಾದ್ಯ ಎಂದರೆ ನುಡಿಸಲು ಸಿದ್ಧವಾದ ವಾದ್ಯವೆಂದು ತಿಳಿಯಬೇಡಿ. ಕಾರ್ಖಾನೆಯಿಂದ ಹೊರಟು ಬೇರೆ ಹವೆಯ ಊರಿಗೆ ಬರುವಷ್ಟರಲ್ಲಿ ಕೊರಳು ಅಲುಗಿರುತ್ತದೆ. ಅದನ್ನು ಸರಿಗೊಳಿಸುವುದೇ ಸೆಟಪ್. ಮೊದಲ ಸಲ ಅನುಭವಿಗಳ ಕೈಯಲ್ಲಿ ಮಾಡಿಸಿ, ಪಕ್ಕದಲ್ಲೇ ನಿಂತು ನೋಡಿ. ಮಾಡುವ ಕ್ರಮ ಹೀಗಿರಬೇಕು: ಶ್ರುತಿ, ಕೊರಳಿನ ಬಾಗು, ತಂತಿಯ ಎತ್ತರ, ಕೊನೆಗೆ ಸ್ವರಶುದ್ಧಿ. ಕ್ರಮ ತಪ್ಪಿದರೆ ಒಂದನ್ನು ಸರಿಮಾಡಿದಾಗ ಇನ್ನೊಂದು ಕೆಡುತ್ತದೆ.

ಬಾಗು ನೋಡಲು ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ನಡುವೆ, 7–8ನೇ ಫ್ರೆಟ್‌ನ ಹತ್ತಿರ, ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ ಸುಮಾರು 0.3 ಮಿಲಿಮೀಟರ್, ಸಂದು ಇರಬೇಕು. ಹೆಚ್ಚಿದ್ದರೆ ಟ್ರಸ್ ರಾಡ್ ಬಿಗಿಮಾಡಬೇಕು, ಸಂದೇ ಇಲ್ಲದಿದ್ದರೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಗಟ್ಟಿ ಎನಿಸಿದರೆ ಅಲ್ಲೇ ನಿಲ್ಲಿಸಿ. ಬಲ ಹಾಕಿ ರಾಡ್ ಮುರಿದರೆ ಕೊರಳು ಹೋದಂತೆಯೇ.

ತಂತಿಯ ಎತ್ತರವನ್ನು 12ನೇ ಫ್ರೆಟ್‌ನಲ್ಲಿ ಅಳೆಯುತ್ತಾರೆ. ಇ ತಂತಿಗೆ ಸುಮಾರು 2.5, ಜಿ ತಂತಿಗೆ ಸುಮಾರು 2 ಮಿಲಿಮೀಟರ್ ಇದ್ದರೆ ಹೊಸಬರ ಬೆರಳಿಗೆ ಹಿತ. ಇದಕ್ಕಿಂತ ಬಹಳ ಕೆಳಗಿಳಿಸಿದರೆ ಜೋರಾಗಿ ಮೀಟಿದಾಗ ತಂತಿ ಫ್ರೆಟ್‌ಗೆ ಬಡಿಯುತ್ತದೆ.

ಸ್ವರಶುದ್ಧಿಯ ಪರೀಕ್ಷೆಗೆ ಎರಡು ನಿಮಿಷ ಸಾಕು. ತಂತಿಯನ್ನು 12ನೇ ಫ್ರೆಟ್‌ನ ನೇರ ಮೇಲೆ ಒತ್ತದೆ, ಬರೀ ತಾಗಿಸಿ ಮೀಟಿ. ಗಂಟೆಯ ನಾದದಂಥ ತಿಳಿಯಾದ ಸ್ವರ ಹೊರಡುತ್ತದೆ. ಟ್ಯೂನರ್‌ನಲ್ಲಿ ಅದನ್ನು ಸರಿಯಾಗಿ ನಿಲ್ಲಿಸಿ. ಈಗ ಅದೇ ಫ್ರೆಟ್‌ನಲ್ಲಿ ತಂತಿಯನ್ನು ಒತ್ತಿ ಮೀಟಿ. ಒತ್ತಿದ ಸ್ವರ ಏರಿದ್ದರೆ ಆ ತಂತಿಯ ಕುದುರೆಯನ್ನು, ಅಂದರೆ ವಾದ್ಯದ ಬುಡದಲ್ಲಿ ತಂತಿ ಕೂರುವ ಆಸರೆಯನ್ನು, ಹಿಂದಕ್ಕೆ, ಇಳಿದಿದ್ದರೆ ಕೊರಳಿನ ಕಡೆಗೆ ಸರಿಸಬೇಕು. ನಾಲ್ಕೂ ತಂತಿಗೆ ಹೀಗೆಯೇ. ಇದು ಸರಿಯಿಲ್ಲದಿದ್ದರೆ ಎಲ್ಲೂ ಒತ್ತದ ಬಿಡಿ ತಂತಿ ಶ್ರುತಿಯಲ್ಲಿದ್ದರೂ ಮೇಲೆ ಹೋದಂತೆ ಅಪಶ್ರುತಿ ಕಾಡುತ್ತದೆ, ಕಲಿಯುವವರು ತಮ್ಮ ಕಿವಿಯನ್ನೇ ಅನುಮಾನಿಸುತ್ತಾರೆ.

ತಂತಿಗಳ ದಪ್ಪವನ್ನು ಇಂಚಿನ ಸಾವಿರದ ಭಾಗಗಳಲ್ಲಿ ಹೇಳುತ್ತಾರೆ. ಜಿ ತಂತಿಯಿಂದ ಇ ತಂತಿಯವರೆಗೆ 45–65–85–105 ಸಾಮಾನ್ಯವಾದ ಸೆಟ್. 45–65–80–100 ಇನ್ನೂ ಸ್ವಲ್ಪ ಮೃದು. ಸುತ್ತಿದ ತಂತಿ ದುಂಡಗಿದ್ದರೆ ‘ರೌಂಡ್‌ವೂಂಡ್’: ಹೊಳಪಿನ ದನಿ, ಬೆರಳಿಗೆ ಒರಟು. ಚಪ್ಪಟೆಯಿದ್ದರೆ ‘ಫ್ಲ್ಯಾಟ್‌ವೂಂಡ್’: ನುಣುಪು, ದನಿ ಮಂದ, ಸ್ವರ ಬೇಗ ಕುಗ್ಗುತ್ತದೆ. ಅಮೆರಿಕದ ಮೋಟೌನ್ ಸಂಗೀತ ಸಂಸ್ಥೆಯ 1960ರ ದಶಕದ ಧ್ವನಿಮುದ್ರಣಗಳಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದ್ದು ಫ್ಲ್ಯಾಟ್‌ವೂಂಡ್ ತಂತಿಗಳಲ್ಲಿ, ಅದೂ ಬಲಗೈಯ ತೋರುಬೆರಳೊಂದರಿಂದಲೇ. ಹಳೆಯ ಸಿನಿಮಾ ಹಾಡುಗಳು, ಭಾವಗೀತೆಗಳ ಜೊತೆ ನುಡಿಸುವ ಮನಸ್ಸಿದ್ದರೆ ಫ್ಲ್ಯಾಟ್‌ವೂಂಡ್ ಹಾಕಿ ನೋಡಿ.

ಕರಾವಳಿಯವರು ಒಂದು ಮಾತು ಗಮನಿಸಿ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ತಂತಿಗೆ ತುಕ್ಕು ಬೇಗ ಹಿಡಿಯುತ್ತದೆ, ತೇವ ಹೀರಿದ ಕೊರಳು ಬಾಗು ಬದಲಿಸುತ್ತದೆ. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿಗಳ ಅಡಿಭಾಗವನ್ನೂ ಒರೆಸಿ, ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಡಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಇದಕ್ಕೆ ತದ್ವಿರುದ್ಧ: ಮರ ಒಣಗಿ ಕುಗ್ಗಿ, ಫ್ರೆಟ್‌ಗಳ ತುದಿಗಳು ಕೊರಳಿನ ಅಂಚಿನಲ್ಲಿ ಚುಚ್ಚತೊಡಗುತ್ತವೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಂತೂ ವಾದ್ಯ ಬಿಡಲೇಬೇಡಿ.

ಹಂತ 4: ಆಂಪ್

ಆಂಪ್ಲಿಫೈಯರ್‌ಗೆ ಎಲ್ಲರೂ ಹೇಳುವ ಚಿಕ್ಕ ಹೆಸರು ಆಂಪ್. ಮೊದಲ ಕೆಲವು ತಿಂಗಳು ಹೆಡ್‌ಫೋನ್‌ಗೆ ನೇರ ಜೋಡಿಸುವ ಪುಟ್ಟ ಆಂಪ್ ಸಾಕು. ಅಪಾರ್ಟ್‌ಮೆಂಟಿನಲ್ಲಿರುವವರಿಗೆ ಅದೇ ಒಳ್ಳೆಯದು, ಏಕೆಂದರೆ ತಗ್ಗಿನ ಸ್ವರ ಗೋಡೆ ದಾಟಿ ಪಕ್ಕದ ಮನೆಗೆ ಸಲೀಸಾಗಿ ಹೋಗುತ್ತದೆ. ಬ್ಲೂಟೂತ್ ಸ್ಪೀಕರ್, ಬ್ಲೂಟೂತ್ ಹೆಡ್‌ಫೋನ್ ಬೇಡ. ಮೀಟಿದ ಮೇಲೆ ಸದ್ದು ತಡವಾಗಿ ಕಿವಿಗೆ ಬೀಳುತ್ತದೆ, ಲಯದ ಅಭ್ಯಾಸವೇ ಕೆಡುತ್ತದೆ. ತಂತಿಯಿರುವ ಹೆಡ್‌ಫೋನ್ ಬಳಸಿ.

ಗೆಳೆಯನ ಗಿಟಾರ್ ಆಂಪ್‌ಗೆ ಬೇಸ್ ಜೋಡಿಸಬಹುದೇ? ಸಣ್ಣ ದನಿಯಲ್ಲಿ ತೊಂದರೆಯಿಲ್ಲ. ದನಿ ಏರಿಸಿದರೆ ಆ ಸ್ಪೀಕರಿನ ಕಾಗದದ ಶಂಕು ತಾಳಲಾರದಷ್ಟು ಹಿಂದೆ ಮುಂದೆ ಚಲಿಸಿ ಹರಿಯಬಹುದು.

ತಂಡದ ಜೊತೆ, ಅದರಲ್ಲೂ ಡ್ರಮ್ಸ್ ಇರುವಲ್ಲಿ, 200 ವ್ಯಾಟ್‌ಗಿಂತ ಕಡಿಮೆಯ ಆಂಪ್ ಒದ್ದಾಡುತ್ತದೆ. ವ್ಯಾಟ್ ಇಮ್ಮಡಿಯಾದರೆ ದನಿ ಏರುವುದು 3 ಡೆಸಿಬೆಲ್ ಮಾತ್ರ, ಅದು ಕಿವಿಗೆ ಸಣ್ಣ ಹೆಚ್ಚಳ. ಹಾಗಾಗಿ 100ರ ಜಾಗಕ್ಕೆ 120 ವ್ಯಾಟ್ ಎಂದು ಹೆಚ್ಚು ಹಣ ತೆರಬೇಡಿ. ಆಂಪ್‌ನ ಹಿಂದೆ ‘ಕನಿಷ್ಠ 4 ಓಮ್’ ಎಂದಿದ್ದರೆ 8 ಓಮ್‌ನ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ಜೋಡಿಸಬಹುದು, ಒಟ್ಟು 4 ಓಮ್ ಆಗುತ್ತದೆ. 4 ಓಮ್‌ನವು ಎರಡನ್ನು ಜೋಡಿಸಿದರೆ 2ಕ್ಕೆ ಇಳಿದು ಆಂಪ್ ಸುಡಬಹುದು. ಆಂಪ್‌ನಿಂದ ಸ್ಪೀಕರಿಗೆ ಹೋಗುವ ಕೇಬಲ್ ಬೇರೆಯೇ. ವಾದ್ಯದ ಕೇಬಲನ್ನು ಅಲ್ಲಿ ಬಳಸಿದರೆ ಕಾದು ಕರಗೀತು. ಅಮೆರಿಕದಲ್ಲಿರುವ ಮಗಳೋ ಅಣ್ಣನೋ ಅಲ್ಲಿಂದ ಆಂಪ್ ತಂದುಕೊಟ್ಟರೆ, ಅದು 120 ವೋಲ್ಟ್‌ನದು ಎಂಬುದು ನೆನಪಿರಲಿ. ನಮ್ಮ 230 ವೋಲ್ಟ್‌ಗೆ ನೇರ ಚುಚ್ಚಬಾರದು, ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು.

ಮತ್ತೊಂದು ಮಾತನ್ನು ಒತ್ತಿ ಹೇಳಲೇಬೇಕು. ಬೇಸ್ ಕೇಳಿಸುತ್ತಿಲ್ಲ ಎಂದೊಡನೆ ಹೊಸಬರ ಕೈ ಹೋಗುವುದು ‘ಬೇಸ್’ ಎಂಬ ಗುಂಡಿಗೆ. ತಗ್ಗು ಹೆಚ್ಚಾದಷ್ಟೂ ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಯಾವ ಸ್ವರ ಎಂದು ಕಿವಿ ಗುರುತಿಸುವುದು ಅದರ ಮಧ್ಯದ ಭಾಗದಿಂದ. ‘ಮಿಡ್’ ಗುಂಡಿಯನ್ನು ಸ್ವಲ್ಪ ಏರಿಸಿ, ಬೇಸ್ ಗುಂಡಿಯನ್ನು ಸ್ವಲ್ಪ ಇಳಿಸಿ. ಒಬ್ಬರೇ ನುಡಿಸುವಾಗ ಈ ದನಿ ಬಡಕಲು ಎನಿಸುತ್ತದೆ, ತಂಡದ ನಡುವೆ ಪ್ರತಿ ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ. ಮೊದಲಿಗೆ ಹೇಳಿದ ಎರಡನೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ಉಳಿದರ್ಧ ಕೈಯಲ್ಲಿದೆ.

ಹಂತ 5: ಎರಡು ಕೈಗಳ ಕೆಲಸ

ಬಲಗೈ ಹೆಬ್ಬೆರಳನ್ನು ಪಿಕಪ್‌ನ ಅಂಚಿಗೆ ಊರಿ. ತೋರುಬೆರಳು, ನಡುಬೆರಳು ಒಂದಾದ ಮೇಲೊಂದು ಮೀಟಲಿ, ನಡೆಯುವ ಕಾಲುಗಳಂತೆ. ಬೆರಳು ತಂತಿಯನ್ನು ಮೇಲಕ್ಕೆ ಎಳೆಯಬಾರದು. ತಂತಿಯನ್ನು ದಾಟಿ, ಅದಕ್ಕಿಂತ ದಪ್ಪವಾದ ಪಕ್ಕದ ತಂತಿಯ ಮೇಲೆ ಹೋಗಿ ಕೂರಬೇಕು. ಎ ತಂತಿಯನ್ನು ಮೀಟಿದ ಬೆರಳು ಇ ತಂತಿಯ ಮೇಲೆ ನಿಲ್ಲುತ್ತದೆ, ಅಷ್ಟರಿಂದಲೇ ಇ ತಂತಿ ಸುಮ್ಮನಾಗುತ್ತದೆ. ಜಿ ತಂತಿಗೆ ಹೋದಾಗ ಹೆಬ್ಬೆರಳನ್ನೂ ಪಿಕಪ್‌ನಿಂದ ಎತ್ತಿ ಇ ತಂತಿಯ ಮೇಲಿಡಿ, ಆಗ ದಪ್ಪ ತಂತಿಗಳ ಗದ್ದಲ ನಿಲ್ಲುತ್ತದೆ. ಹಗುರವಾಗಿ ಮೀಟಿ, ದನಿ ಬೇಕಾದರೆ ಆಂಪ್‌ನಲ್ಲಿ ಏರಿಸಿ. ಕೊರಳಿನ ಹತ್ತಿರ ಮೀಟಿದರೆ ದುಂಡನೆಯ ದನಿ, ಕುದುರೆಯ ಹತ್ತಿರ ಬಿಗಿಯಾದ, ಚೂಪಾದ ದನಿ.

ಎಡಗೈ ಬೆರಳು ಫ್ರೆಟ್‌ನ ಮೇಲೆ ಅಲ್ಲ, ಅದರ ಬೆನ್ನಿಗೆ ಅಂಟಿದಂತೆ ಒತ್ತಬೇಕು. ಎರಡು ಫ್ರೆಟ್‌ಗಳ ನಡುವೆ ಒತ್ತಿದರೆ ಎರಡು ಪಟ್ಟು ಬಲ ಹಾಕಿದರೂ ಕರಕರ ನಿಲ್ಲುವುದಿಲ್ಲ. ಗಿಟಾರಿನಿಂದ ಬಂದವರು ‘ಒಂದು ಬೆರಳಿಗೆ ಒಂದು ಫ್ರೆಟ್’ ಎಂಬ ನಿಯಮವನ್ನು ಮೊದಲ ಫ್ರೆಟ್‌ಗಳಲ್ಲೂ ಪಾಲಿಸಲು ಹೋಗಿ ಅಂಗೈ ನೋಯಿಸಿಕೊಳ್ಳುತ್ತಾರೆ. ಅಲ್ಲಿ ಡಬಲ್ ಬೇಸ್, ಅಂದರೆ ನಿಲ್ಲಿಸಿ ನುಡಿಸುವ ಭಾರಿ ಪಿಟೀಲಿನಂಥ ವಾದ್ಯ, ನುಡಿಸುವವರ ಕ್ರಮವೇ ಸರಿ: ಮೂರು ಫ್ರೆಟ್‌ಗಳ ಹರವಿಗೆ ತೋರುಬೆರಳು, ನಡುಬೆರಳು, ಕಿರುಬೆರಳು, ಉಂಗುರಬೆರಳು ಕಿರುಬೆರಳಿಗೆ ಆಸರೆ. ಫ್ರಾಂಟ್ಸ್ ಸಿಮಾಂಡ್ಲ್ ಅವರ ಹೆಸರಿನಲ್ಲಿ ನಡೆದುಬಂದ ಪದ್ಧತಿ ಇದು. ಐದನೇ ಫ್ರೆಟ್ ದಾಟಿದ ಮೇಲೆ ನಾಲ್ಕೂ ಬೆರಳು ಹರಡಬಹುದು.

ಈಗ ಸ್ವರ ನಿಲ್ಲಿಸುವುದು. ಒತ್ತಿದ ಬೆರಳನ್ನು ತಂತಿಯಿಂದ ಪೂರ್ತಿ ಎತ್ತಿದರೆ ಬಿಡಿ ತಂತಿ ಮಿಡಿಯುತ್ತದೆ. ಒತ್ತಡವನ್ನಷ್ಟೇ ಸಡಿಲಿಸಿ, ಬೆರಳು ತಂತಿಯನ್ನು ತಾಗಿಕೊಂಡೇ ಇರಲಿ. ಈ ಅಭ್ಯಾಸ ಮಾಡಿ: ಮೆಟ್ರೊನೋಮನ್ನು, ಅಂದರೆ ನಿಗದಿತ ವೇಗದಲ್ಲಿ ತಾಳ ಹಾಕುವ ಸಾಧನವನ್ನು, ನಿಮಿಷಕ್ಕೆ 60ಕ್ಕೆ ಇಡಿ. ಎ ತಂತಿಯ 3ನೇ ಫ್ರೆಟ್ ಒತ್ತಿ, ಒಂದನೇ ಎಣಿಕೆಗೆ ಮೀಟಿ, ನಾಲ್ಕನೇ ಎಣಿಕೆ ಬೀಳುವ ಕ್ಷಣದಲ್ಲೇ ನಿಲ್ಲಿಸಿ. ನಾಲ್ಕನೇ ಎಣಿಕೆ ಪೂರ್ತಿ ಮೌನವಾಗಿರಬೇಕು. ಮುಂದೆ ಮೂರಕ್ಕೆ, ಆಮೇಲೆ ಎರಡಕ್ಕೆ ನಿಲ್ಲಿಸಿ. ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿ. ಸ್ವರದ ಆರಂಭ ತಾಳಕ್ಕೆ ಸರಿಯಾಗಿದ್ದರೂ ಕೊನೆ ಜೋತಾಡುತ್ತಿರುವುದು ಆಗಲೇ ಗೊತ್ತಾಗುವುದು. ದಿನಕ್ಕೆ ಹತ್ತು ನಿಮಿಷ ಇದನ್ನೇ ಮಾಡಿದವರ ಬೇಸ್, ನೂರು ಹಾಡು ಕಲಿತವರ ಬೇಸ್‌ಗಿಂತ ತಂಡಕ್ಕೆ ಹೆಚ್ಚು ಬೇಕಾಗುತ್ತದೆ ಎಂದು ನಾನು ನಂಬುತ್ತೇನೆ.

ಬೆರಳ ತುದಿ ಉರಿಯುವುದು ಸಹಜ, ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ಮಣಿಕಟ್ಟು ನೋವು, ಬೆರಳು ಜೋಮು ಹಿಡಿಯುವುದು ಸಹಜವಲ್ಲ. ಅವತ್ತಿಗೆ ನಿಲ್ಲಿಸಿ, ಮಣಿಕಟ್ಟು ಮಡಚಿಕೊಳ್ಳದಂತೆ ವಾದ್ಯವನ್ನು ಸ್ವಲ್ಪ ಮೇಲಕ್ಕೆ ಕಟ್ಟಿಕೊಳ್ಳಿ. ಮುಂದುವರಿದರೆ ವೈದ್ಯರನ್ನು ಕಾಣಿ.

ಹೆಬ್ಬೆರಳಿನಿಂದ ತಂತಿಗೆ ಬಡಿಯುವ ‘ಸ್ಲ್ಯಾಪ್’ ಶೈಲಿಯನ್ನು ಮೊದಲ ತಿಂಗಳಲ್ಲೇ ಕಲಿಯಲು ಹಲವರು ಆತುರಪಡುತ್ತಾರೆ. ಅಮೆರಿಕದ ಬೇಸ್ ವಾದಕ ಲ್ಯಾರಿ ಗ್ರಹಾಂ ಅದನ್ನು ರೂಢಿಸಿಕೊಂಡಿದ್ದು ತಾಯಿಯ ಜೊತೆ ಡ್ರಮ್ಸ್ ಇಲ್ಲದೆ ನುಡಿಸಬೇಕಾಗಿ ಬಂದಾಗ, ಆ ತಾಳದ ಹೊಡೆತಗಳ ಜಾಗ ತುಂಬಲು. ತಾಳ ಗಟ್ಟಿಯಾದ ಮೇಲೆ ಅದಕ್ಕೆ ಕೈಹಾಕಿ.

ಹಂತ 6: ತಂಡದೊಳಗೆ

ಮೂರು ಜಾಗ ಗೊತ್ತಿದ್ದರೆ ಮೊದಲ ಹಾಡು ನುಡಿಸಬಹುದು. ಯಾವುದೇ ಸ್ವರವನ್ನು ಷಡ್ಜ ಎಂದುಕೊಳ್ಳಿ. ಪಕ್ಕದ ತೆಳು ತಂತಿಯಲ್ಲಿ ಎರಡು ಫ್ರೆಟ್ ಮುಂದೆ ಪಂಚಮ. ಅದರಾಚೆಯ ತಂತಿಯಲ್ಲಿ ಅದೇ ಫ್ರೆಟ್‌ನಲ್ಲಿ ಮೇಲಿನ ಷಡ್ಜ. ಕೊರಳಿನ ಎಲ್ಲೇ ಇಟ್ಟರೂ ಈ ಆಕಾರ ಬದಲಾಗುವುದಿಲ್ಲ.

ಸುಗಮ ಸಂಗೀತದ ಗಾಯಕರು ‘ಸಿ ಶಾರ್ಪ್’ ಎನ್ನದೆ ‘ಕಪ್ಪು ಒಂದು’ ಎನ್ನಬಹುದು, ಕರ್ನಾಟಕ ಸಂಗೀತದವರು ‘ಒಂದೂವರೆ ಮನೆ’ ಎನ್ನಬಹುದು. ಮೂರೂ ಒಂದೇ, ಎ ತಂತಿಯ 4ನೇ ಫ್ರೆಟ್. ‘ಬಿಳಿ ಐದು’ ಅಥವಾ ‘ಐದು ಮನೆ’ ಎಂದರೆ ಜಿ, ಇ ತಂತಿಯ 3ನೇ ಫ್ರೆಟ್. ಹಾರ್ಮೋನಿಯಂನ ಮನೆಗಳನ್ನು ಬೇಸ್‌ನ ಫ್ರೆಟ್‌ಗಳಿಗೆ ಹೊಂದಿಸಿದ ಚೀಟಿಯೊಂದನ್ನು ಬರೆದಿಟ್ಟುಕೊಳ್ಳಿ. ಗಾಯಕರು ವೇದಿಕೆಯ ಮೇಲೆ ಶ್ರುತಿ ಬದಲಿಸಿದಾಗ ಅದು ಕಾಪಾಡುತ್ತದೆ.

ಡ್ರಮ್ಸ್ ನುಡಿಸುವವರ ಬಲಗಾಲನ್ನು ನೋಡುತ್ತಿರಿ. ಆ ಕಾಲು ಹೊಡೆಯುವ ದೊಡ್ಡ ಡ್ರಮ್ಮಿಗೆ ಕಿಕ್ ಎನ್ನುತ್ತಾರೆ. ಕಿಕ್ ಬಿದ್ದಲ್ಲಿ ನಿಮ್ಮ ಸ್ವರವೂ ಬಿದ್ದರೆ ಎರಡೂ ಸೇರಿ ಒಂದೇ ಸದ್ದಾಗುತ್ತದೆ. ತಬಲಾ, ಢೋಲಕ್ ಜೊತೆಗಿದ್ದಾಗ ಲೆಕ್ಕ ಬೇರೆ. ಅವುಗಳ ಎಡಭಾಗದ ಗುಮ್ಮೆನ್ನುವ ನಾದವೂ ತಗ್ಗಿನದೇ, ಬೇಸ್‌ನ ಜಾಗದಲ್ಲೇ ಬಂದು ಕೂರುತ್ತದೆ. ಅಲ್ಲಿ ಉದ್ದನೆಯ ಸ್ವರ ಹಿಡಿದರೆ ಎರಡೂ ಕೆಡುತ್ತವೆ. ಸಮಕ್ಕೆ ಒಂದು ಮೀಟು, ಗಿಡ್ಡ ಸ್ವರ, ಮುಂದಿನ ಜಾಗ ತಬಲಾಕ್ಕೆ ಬಿಡಿ.

ಕೇಳಿ ಕಲಿಯಲು ಇಳಯರಾಜ ಅವರು 1980ರ ದಶಕದಲ್ಲಿ ಕನ್ನಡಕ್ಕೆ ಕೊಟ್ಟ ಹಾಡುಗಳಿಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಹೆಡ್‌ಫೋನ್ ಹಾಕಿ, ಗಾಯನವನ್ನು ಮರೆತು, ಬೇಸ್ ಒಂದನ್ನೇ ಹಿಂಬಾಲಿಸಿ. ಹಾಡಿನ ಕೆಳಗೆ ಇನ್ನೊಂದು ಪೂರ್ಣ ರಾಗರಚನೆ ಹರಿಯುತ್ತಿರುತ್ತದೆ.

ಹಂತ 7: ವೇದಿಕೆ

ಗಣೇಶೋತ್ಸವವಾಗಲಿ ರಾಜ್ಯೋತ್ಸವವಾಗಲಿ, ವೇದಿಕೆ ಹತ್ತುವ ಮುನ್ನ ಮೊದಲು ನೋಡಬೇಕಾದದ್ದು ಅರ್ಥಿಂಗ್. ಶಾಮಿಯಾನದ ತಾತ್ಕಾಲಿಕ ವೈರಿಂಗ್, ಜನರೇಟರ್ ಇರುವಲ್ಲಿ ಭೂಸಂಪರ್ಕ ಸರಿಯಿಲ್ಲದಿದ್ದರೆ, ಬೇಸ್‌ನ ತಂತಿ ಹಿಡಿದ ಕೈಯವರು ಮೈಕ್‌ಗೆ ತುಟಿ ತಾಗಿಸಿದೊಡನೆ ಷಾಕ್ ಹೊಡೆಯಬಹುದು, ಪ್ರಾಣಕ್ಕೂ ಅಪಾಯ. ಮೈಕ್‌ನ ಲೋಹದ ಜಾಲರಿಯನ್ನು ಟೆಸ್ಟರ್‌ನಿಂದ ಮುಟ್ಟಿ ನೋಡಿ. ದೀಪ ಹೊತ್ತಿದರೆ ಎಲೆಕ್ಟ್ರಿಷಿಯನ್ ಬಂದು ಸರಿಮಾಡುವವರೆಗೂ ನುಡಿಸಬೇಡಿ. ಹೊತ್ತದಿದ್ದರೂ ಅರ್ಥಿಂಗ್ ಇದೆಯೇ ಎಂದು ಅವರನ್ನು ಕೇಳಿಯೇ ಮುಂದುವರಿಯಿರಿ. ಗುಂಯ್ ಸದ್ದು ನಿಲ್ಲಿಸಲೆಂದು ಮೂರು ಪಿನ್ನಿನ ಪ್ಲಗ್‌ನ ಅರ್ಥ್ ಪಿನ್ ಕಿತ್ತುಹಾಕುವ ಚಾಳಿ ಹಲವು ಕಡೆ ಇದೆ. ಯಾರು ಹೇಳಿದರೂ ಅದಕ್ಕೆ ಒಪ್ಪಬೇಡಿ.

ಆ ಸದ್ದಿಗೆ ಸರಿಯಾದ ಮದ್ದು ಡಿಐ ಬಾಕ್ಸ್. ಬೇಸ್‌ನ ಸಂಕೇತವನ್ನು ದೂರದಲ್ಲಿರುವ, ಎಲ್ಲರ ಧ್ವನಿಯನ್ನು ಬೆರೆಸಿ ಹದಮಾಡುವ ಮಿಕ್ಸರಿಗೆ ಗದ್ದಲವಿಲ್ಲದೆ ಕಳಿಸುವ ಪುಟ್ಟ ಪೆಟ್ಟಿಗೆ ಅದು. ಅದರ ಮೇಲೆ ‘ಗ್ರೌಂಡ್ ಲಿಫ್ಟ್’ ಎಂಬ ಸ್ವಿಚ್ ಇರುತ್ತದೆ. ಅದು ಧ್ವನಿಯ ಕೇಬಲಿನ ಸಂಪರ್ಕವನ್ನಷ್ಟೇ ಬಿಡಿಸುತ್ತದೆ, ವಿದ್ಯುತ್ತಿನ ಅರ್ಥಿಂಗ್ ಹಾಗೆಯೇ ಉಳಿಯುತ್ತದೆ. ಡಿಐ ಬಾಕ್ಸನ್ನು ಸೌಂಡ್ ಸಿಸ್ಟಮ್‌ನವರು ತರುತ್ತಾರೆಂದು ನಂಬಿ ಕೂರದೆ ನಿಮ್ಮದೇ ಒಂದನ್ನು ಚೀಲದಲ್ಲಿಟ್ಟುಕೊಳ್ಳಿ. ಜೊತೆಗೆ ಇನ್ನೊಂದು ಕೇಬಲ್, ಆಕ್ಟಿವ್ ಬೇಸ್ ಆದರೆ ಹೊಸ ಬ್ಯಾಟರಿ.

ಮರದ ಹಲಗೆಯ ವೇದಿಕೆ ಅಡಿಯಲ್ಲಿ ಟೊಳ್ಳು. ಆಂಪನ್ನು ಅದರ ಮೇಲೆ ನೇರ ಇಟ್ಟರೆ ವೇದಿಕೆಯೇ ಗುಮ್ಮೆನ್ನುತ್ತದೆ. ದಪ್ಪ ಫೋಮ್ ಅಥವಾ ಕುರ್ಚಿಯ ಮೇಲೆ ಆಂಪ್ ಇಡಿ, ನಿಮ್ಮ ಕಿವಿಯ ಕಡೆಗೆ ತಿರುಗಿಸಿ. ಮಂಡಿಯ ಹಿಂದಿದ್ದ ಆಂಪ್ ನಿಮಗೆ ಕೇಳದೆ, ನೀವು ದನಿ ಏರಿಸಿ, ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುವುದು ಹೀಗೆಯೇ. ಸೌಂಡ್ ಚೆಕ್‌ನಲ್ಲಿ, ಅಂದರೆ ಕಾರ್ಯಕ್ರಮಕ್ಕೆ ಮುಂಚಿನ ಧ್ವನಿ ಪರೀಕ್ಷೆಯಲ್ಲಿ, ನಿಮ್ಮ ಅತಿ ಜೋರಿನ ಹಾಡನ್ನೇ ನುಡಿಸಿ ತೋರಿಸಿ. ತೆರೆದ ಬಯಲಿನಲ್ಲಿ ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ ನಿರ್ಬಂಧವಿರುವುದರಿಂದ ನಿಮ್ಮ ತಂಡ ಕೊನೆಯದಾದರೆ ಹಾಡುಗಳ ಪಟ್ಟಿಯಲ್ಲಿ ಯಾವುದನ್ನು ಬಿಡಬಹುದೆಂದು ಮೊದಲೇ ಗುರುತು ಹಾಕಿಕೊಳ್ಳಿ.

ಹಂತ 8: ಕೇಳುಗರ ಸಾಲಿನಲ್ಲಿ

ಇ ಸ್ವರದ ಒಂದು ಅಲೆ ಗಾಳಿಯಲ್ಲಿ ಸುಮಾರು 8.3 ಮೀಟರ್ ಉದ್ದ. ಇಷ್ಟುದ್ದದ ಅಲೆ ಗೋಡೆಗೆ ಬಡಿದು ಹಿಂದಿರುಗಿದಾಗ ಕೆಲವು ಜಾಗಗಳಲ್ಲಿ ಇಮ್ಮಡಿಯಾಗುತ್ತದೆ, ಕೆಲವು ಜಾಗಗಳಲ್ಲಿ ಅಳಿದುಹೋಗುತ್ತದೆ. ಸಭಾಂಗಣದ ಮೂಲೆಯಲ್ಲಿ, ಹಿಂಗೋಡೆಗೆ ಒರಗಿ ನಿಂತರೆ ಬೇಸ್ ಉಬ್ಬಿ ಸ್ವರಗಳು ಕಲಸುತ್ತವೆ. ವೇದಿಕೆಯ ಮುಂದಿರುವ ದೊಡ್ಡ ತಗ್ಗುಸ್ವರದ ಸ್ಪೀಕರುಗಳಿಗೆ ಆತುಕೊಂಡರೆ ಎದೆಗೆ ಗುದ್ದು ಬೀಳುತ್ತದೆ, ಗಾಯನ ತಪ್ಪಿಹೋಗುತ್ತದೆ. ಮಿಕ್ಸರ್ ಎಲ್ಲಿದೆ ನೋಡಿ, ಅದರ ಹತ್ತಿರ ನಿಲ್ಲಿ. ಧ್ವನಿ ಹದಮಾಡುವವರು ತಮ್ಮ ಕಿವಿಗೆ ಬೀಳುವುದನ್ನೇ ಸರಿಮಾಡುತ್ತಿರುತ್ತಾರೆ. ಮೂರು ನಾಲ್ಕು ಹೆಜ್ಜೆ ಆಚೀಚೆ ಸರಿದರೂ ಬೇಸ್ ಬದಲಾಗುವುದನ್ನು ನೀವೇ ಗಮನಿಸಬಹುದು.

ಮೊದಲು ಕಿಕ್ ಡ್ರಮ್ ಹಿಡಿದುಕೊಳ್ಳಿ, ಅದರ ಜೊತೆಗೇ ಬರುವ ಸ್ವರ ಬೇಸ್. ಪಲ್ಲವಿಯಿಂದ ಚರಣಕ್ಕೆ ಹೋಗುವಾಗ ಬೇಸ್ ನುಡಿಸುವವರ ಎಡಗೈ ನೋಡಿ: ಸ್ವರ ಉದ್ದವಾಯಿತೇ, ಗಿಡ್ಡವಾಯಿತೇ? ಹಾಡಿನ ಬಿಗಿ ಬದಲಾಗುವುದು ಅಲ್ಲಿಂದ. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬ್ರಿಟನ್ನಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ಬಂದಾಗ ಆ ತಂಡದ ಸ್ಥಾಪಕ ಸ್ಟೀವ್ ಹ್ಯಾರಿಸ್, ತಂತಿ ಮೀಟುವ ಬಿಲ್ಲೆಯಾದ ಪ್ಲೆಕ್ಟ್ರಮ್ ಇಲ್ಲದೆ ಬರಿಬೆರಳಲ್ಲಿ ನುಡಿಸುವ ಕುದುರೆಯೋಟದ ಲಯವನ್ನು ಇಲ್ಲಿನವರು ಕಣ್ಣಾರೆ ಕಂಡರು. ಸ್ವರಾತ್ಮ, ಥರ್ಮಲ್ ಅಂಡ್ ಎ ಕ್ವಾರ್ಟರ್ ಬೆಂಗಳೂರಿನಲ್ಲೇ ಬೆಳೆದ ತಂಡಗಳು. ಮುಂಬೈಯ ಮೋಹಿನಿ ಡೇ, ಜತಿಗಳನ್ನು ಬಾಯಲ್ಲೇ ನುಡಿಯುವ ಕೊನ್ನಕೋಲಿನ ಲೆಕ್ಕಾಚಾರವನ್ನು ಬೇಸ್‌ನಲ್ಲಿ ನುಡಿಸಬಲ್ಲವರು. ಅವಕಾಶ ಸಿಕ್ಕರೆ ಇವರನ್ನು ನೇರ ಕೇಳಿ.

ಹೋಗುವಾಗ ಕಿವಿರಕ್ಷೆ ಕೊಂಡೊಯ್ಯಿರಿ. ಧ್ವನಿ 85 ಡೆಸಿಬೆಲ್ ಇದ್ದರೆ ಎಂಟು ಗಂಟೆ ಕೇಳಬಹುದು ಎಂಬುದು ಒಪ್ಪಿತ ಮಿತಿ. ಪ್ರತಿ 3 ಡೆಸಿಬೆಲ್‌ಗೆ ಆ ಸಮಯ ಅರ್ಧವಾಗುತ್ತದೆ. 100 ಡೆಸಿಬೆಲ್‌ನಲ್ಲಿ ಉಳಿಯುವುದು ಕಾಲು ಗಂಟೆ ಮಾತ್ರ, ರಾಕ್ ಕಾರ್ಯಕ್ರಮಗಳು ಆ ಮಟ್ಟವನ್ನು ಸುಲಭವಾಗಿ ಮುಟ್ಟುತ್ತವೆ. ಔಷಧಿ ಅಂಗಡಿಯ ಫೋಮ್ ಬಿರಡೆಗಳು ಕಿವಿಯನ್ನು ಕಾಯುತ್ತವೆ, ಆದರೆ ಮೇಲಿನ ಸ್ವರಗಳನ್ನು ಹೆಚ್ಚು ನುಂಗಿ ಸಂಗೀತವನ್ನು ಮಂಕುಮಾಡುತ್ತವೆ. ಸಂಗೀತಗಾರರಿಗೆಂದೇ ಮಾಡಿದವು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮವಾಗಿ ತಗ್ಗಿಸುತ್ತವೆ, ಅವುಗಳನ್ನೇ ಕೊಳ್ಳಿ. ಕಾರ್ಯಕ್ರಮ ಮುಗಿದ ಮೇಲೆ ಕಿವಿಯಲ್ಲಿ ಕುಂಯ್ ಎನ್ನುತ್ತಿದ್ದರೆ ಮರುದಿನ ಹೆಡ್‌ಫೋನ್ ಮುಟ್ಟಬೇಡಿ. ಎರಡು ದಿನ ಕಳೆದರೂ ನಿಲ್ಲದಿದ್ದರೆ, ಅಥವಾ ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ, ತಡಮಾಡದೆ ಕಿವಿ ತಜ್ಞರಿಗೆ ತೋರಿಸಿ.